ಫ್ಯುಯೆಲ್ ಸ್ಟಾರ್ವೇಶನ್: ಟ್ಯಾಂಕ್ ತುಂಬಿದ್ರೂ ಇಂಜಿನ್ ಯಾಕೆ ಉಪವಾಸ?

ನೀರಿನ ಮಧ್ಯೆ ಬೋಟ್ ಇಂಜಿನ್ ನಿಂತ್ರೆ ಹೆಚ್ಚಿನವರು ಮೊದಲು ಮಾಡೋದು ಟ್ಯಾಂಕ್ ಹಿಡಿದು ಅಲ್ಲಾಡಿಸಿ ನೋಡೋದು. ಒಳಗೆ ಗುಳುಗುಳು ಅಂದ್ರೆ ಪೆಟ್ರೋಲ್ ಇದೆ, ಹಾಗಾದ್ರೆ ಇಂಜಿನ್ನೇ ಕೆಟ್ಟಿರ್ಬೇಕು ಅಂತ ತೀರ್ಮಾನ ಮಾಡಿ ಮೇಲಿನ ಕವರ್ ತೆಗೆದು ಪ್ಲಗ್ ಬಿಚ್ಚೋಕೆ ಕೂತ್ಕೋತಾರೆ. ಟ್ಯಾಂಕಿಗೂ ಇಂಜಿನ್‌ಗೂ ಮಧ್ಯೆ ಒಂದು ದಾರಿ ಇದೆ ಅನ್ನೋದು ಆ ಗಡಿಬಿಡೀಲಿ ನೆನಪಿಗೇ ಬರಲ್ಲ. ಆ ದಾರೀಲಿ ಎಲ್ಲೋ ಒಂದ್ಕಡೆ ಸಿಕ್ಕಾಕೊಂಡು ಪೆಟ್ರೋಲ್ ಬೇಕಾದಷ್ಟು ಬರ್ದೇ ಇರೋದಕ್ಕೇ ಫ್ಯುಯೆಲ್ ಸ್ಟಾರ್ವೇಶನ್ ಅನ್ನೋದು. ಸ್ಟಾರ್ವೇಶನ್ ಅಂದ್ರೆ ಹಸಿವಿನಿಂದ ನರಳೋದು, ನಮ್ಮ ಭಾಷೇಲಿ ಹೇಳೋದಾದ್ರೆ ಇಂಜಿನ್ನಿನ ಉಪವಾಸ.

ವಿಮಾನ ಅಪಘಾತ ತನಿಖೆ ಮಾಡೋರು ಇದನ್ನ ಸರಿಯಾಗಿ ಬೇರೆ ಮಾಡಿ ಇಟ್ಕೊಂಡಿದಾರೆ. ಇಂಧನ ಪೂರ್ತಿ ಖಾಲಿಯಾಗಿದ್ರೆ ಅದು ಫ್ಯುಯೆಲ್ ಎಕ್ಸಾಸ್ಚನ್, ಟ್ಯಾಂಕಲ್ಲಿ ಇದ್ದೂ ಇಂಜಿನ್‌ಗೆ ತಲುಪದಿದ್ರೆ ಅದು ಸ್ಟಾರ್ವೇಶನ್. ಬೋಟಿನವರು ಎರಡಕ್ಕೂ ಒಟ್ಟಿಗೆ ‘ಪೆಟ್ರೋಲ್ ಬರ್ತಿಲ್ಲ’ ಅಂದು ಮುಗಿಸಿಬಿಡ್ತಾರೆ, ಆದ್ರೆ ಹುಡುಕೋಕೆ ಹೊರಟಾಗ ಈ ವ್ಯತ್ಯಾಸ ಬೇಕೇ ಬೇಕು.

ಔಟ್‌ಬೋರ್ಡಲ್ಲಿ (ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸೋ ಇಂಜಿನ್) ಈ ತೊಂದ್ರೆ ಜಾಸ್ತಿ ಯಾಕೆ ಅಂದ್ರೆ ಅದರ ಟ್ಯಾಂಕ್ ಕೆಳಗಿರುತ್ತೆ, ಇಂಜಿನ್ ಮೇಲಿರುತ್ತೆ. ತಲೆ ಮೇಲೇನೇ ಟ್ಯಾಂಕ್ ಹೊತ್ಕೊಂಡಿರೋ ಪುಟಾಣಿ ಇಂಜಿನ್‌ಗಳನ್ನ ಬಿಟ್ರೆ ಉಳಿದವಕ್ಕೆ ಪೆಟ್ರೋಲ್ ತಾನಾಗಿ ಇಳಿದು ಬರಲ್ಲ, ಇಂಜಿನ್ ಪಕ್ಕದಲ್ಲಿರೋ ಪಂಪ್ ಅದನ್ನ ಟ್ಯಾಂಕಿನ ತಳದಿಂದ ಪೈಪಲ್ಲಿ ಹೀರ್ಕೋಬೇಕು. ಹಳೇ ಟೂ ಸ್ಟ್ರೋಕಲ್ಲಿ ಆ ಪಂಪ್ ಅಂದ್ರೆ ಒಂದು ತೆಳು ಡಯಾಫ್ರಮ್, ಅಂದ್ರೆ ಬಾಗೋ ಪೊರೆ ಅಷ್ಟೇ, ಪಿಸ್ಟನ್ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಇಳಿದಂಗೆ ಅದು ಪಟಪಟ ಅಂತ ಅಲ್ಲಾಡಿ ಪೆಟ್ರೋಲ್ ಎಳೆಯುತ್ತೆ. ಅದಕ್ಕಿರೋ ಶಕ್ತಿಯೇ ಅಷ್ಟು, ದಾರೀಲಿ ಒಂಚೂರು ಅಡ್ಡಿ ಬಂದ್ರೂ ಸೋತುಬಿಡುತ್ತೆ.

ಇನ್ನೊಂದು ವಿಷ್ಯ, ಉಪವಾಸ ತಕ್ಷಣ ಗೊತ್ತಾಗಲ್ಲ. ಪೆಟ್ರೋಲನ್ನ ಗಾಳಿ ಜೊತೆ ಬೆರೆಸೋ ಕಾರ್ಬ್ಯುರೇಟರಿನ ಬೌಲಲ್ಲಿ, ಅಂದ್ರೆ ಅದರ ಪುಟ್ಟ ಬಟ್ಟಲಲ್ಲಿ, ಒಂದಿಷ್ಟು ಪೆಟ್ರೋಲ್ ಯಾವಾಗ್ಲೂ ನಿಂತಿರುತ್ತೆ, ಅದನ್ನ ಕುಡಿದು ಇಂಜಿನ್ ಚೆನ್ನಾಗೇ ಸ್ಟಾರ್ಟ್ ಆಗುತ್ತೆ, ಐಡಲಲ್ಲಿ ಬೇಕಾಗೋದು ಸ್ವಲ್ಪವೇ ಆದ್ರಿಂದ ದಡದ ಹತ್ರ ಎಲ್ಲಾ ಸರಿ ಇರೋ ಹಂಗೇ ಕಾಣುತ್ತೆ, ಆಮೇಲೆ ಫುಲ್ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಹೋದ್ಮೇಲೆ ಬರೋದಕ್ಕಿಂತ ಖರ್ಚಾಗೋದು ಜಾಸ್ತಿ ಆಗಿ ಬೌಲ್ ಬರಿದಾಗುತ್ತೆ, ಇಂಜಿನ್ ಕೆಮ್ಮಿ, ಸುಸ್ತಾಗಿ, ಮೆಲ್ಲಗೆ ನಿಲ್ಲುತ್ತೆ. ಐದು ನಿಮಿಷ ಬಿಟ್ಟು ಎಳೆದ್ರೆ ಮತ್ತೆ ಸ್ಟಾರ್ಟ್! ಈ ‘ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ’ ನಾಟಕ ನೋಡಿದ್ರೆ ಮೊದಲ ಅನುಮಾನ ಉಪವಾಸದ ಮೇಲೇ ಇರ್ಲಿ. ಸ್ವಿಚ್ ಆರಿಸಿದಂಗೆ ಗಪ್ಪಂತ ನಿಂತ್ರೆ ಮಾತ್ರ ಸಾಮಾನ್ಯವಾಗಿ ಸ್ಪಾರ್ಕಿನ ಕಡೆ ನೋಡ್ಬೇಕು. ಅದಕ್ಕೂ ಮುಂಚೆ ಕಿಲ್ ಸ್ವಿಚ್ಚಿನ (ಎಳೆದ್ರೆ ಇಂಜಿನ್ ನಿಲ್ಲಿಸೋ ಸ್ವಿಚ್) ದಾರ ಕಿತ್ಕೊಂಡಿದೆಯಾ ಅಂತ ನೋಡಿ, ಅರ್ಧ ಗಂಟೆ ಹಗ್ಗ ಎಳೆದು ಕೈ ಸೋತ್ಮೇಲೆ ಅದು ಕಣ್ಣಿಗೆ ಬಿದ್ರೆ ಪಕ್ಕದಲ್ಲಿರೋರ ಮುಖ ನೋಡೋಕಾಗಲ್ಲ.

ಈ ನಾಟಕಕ್ಕೆ ತೀರಾ ಸಿಲ್ಲಿ ಕಾರಣ ಅಂದ್ರೆ ಟ್ಯಾಂಕ್ ಮುಚ್ಚಳದ ಮೇಲಿರೋ ಗಾಳಿ ಸ್ಕ್ರೂ. ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋಗ್ಬೇಕಾದ್ರೆ ಅಷ್ಟೇ ಗಾಳಿ ಒಳಗೆ ಬರ್ಬೇಕು, ಸ್ಕ್ರೂ ಮುಚ್ಚಿದ್ರೆ ಟ್ಯಾಂಕೊಳಗೆ ನಿರ್ವಾತ ಹುಟ್ಟಿ ಪಂಪಿನ ಜೊತೆ ಹಗ್ಗಜಗ್ಗಾಟಕ್ಕೆ ನಿಲ್ಲುತ್ತೆ. ಬಿಚ್ಚಿದ ಕೂಡ್ಲೇ ಪುಸ್ಸ್ ಅಂತ ಗಾಳಿ ಒಳಗೆ ನುಗ್ಗಿದ್ರೆ ಕಳ್ಳ ಸಿಕ್ಕಿದ ಅಂತಲೇ ಅರ್ಥ.

ಇನ್ನು ಪ್ರೈಮರ್ ಬಲ್ಬ್. ಪೈಪಿನ ಮಧ್ಯೆ ಇರೋ ಈ ರಬ್ಬರ್ ಗುಂಡನ್ನ ಜನ ಬರೀ ಸ್ಟಾರ್ಟ್ ಮಾಡೋ ಮುಂಚೆ ಹಿಂಡೋಕೆ ಮಾತ್ರ ಇರೋದು ಅಂದ್ಕೊಂಡಿದಾರೆ, ನನ್ನ ಪ್ರಕಾರ ಅದು ಈ ಇಡೀ ದಾರಿಯ ನಾಡಿ. ವೈದ್ಯರು ಕೈ ಹಿಡಿದು ನೋಡೋ ಹಾಗೆ ಇದನ್ನ ಹಿಡಿದು ನೋಡ್ಬೇಕು. ಒಳಗೆ ಎರಡೂ ತುದೀಲಿ ಒಂದೊಂದು ವಾಲ್ವ್ ಇದ್ದು ಪೆಟ್ರೋಲ್ ಒಂದೇ ದಿಕ್ಕಿಗೆ ಹೋಗೋಕೆ ಬಿಡುತ್ತೆ, ಮೇಲಿರೋ ಬಾಣದ ಗುರುತು ಇಂಜಿನ್ ಕಡೆ ಇರ್ಬೇಕು, ಹಿಂಡುವಾಗ ಬಾಣ ಮೇಲ್ಮುಖವಾಗಿ ನೆಟ್ಟಗೆ ಹಿಡಿದ್ರೆ ಬೇಗ ತುಂಬುತ್ತೆ. ಈಗ ಇಂಜಿನ್ ಸುಸ್ತಾಗ್ತಿರೋ ಹೊತ್ತಲ್ಲೇ ಬಲ್ಬ್ ಮುಟ್ಟಿ ನೋಡಿ. ಕೆನ್ನೆ ಒಳಗೆ ಎಳ್ಕೊಂಡಂಗೆ ಚಪ್ಪಟೆ ಆಗಿದ್ರೆ ಅಡ್ಡಿ ಇರೋದು ಬಲ್ಬಿಗಿಂತ ಹಿಂದೆ, ಅಂದ್ರೆ ಟ್ಯಾಂಕಿನ ಕಡೆ: ಗಾಳಿ ಸ್ಕ್ರೂ, ಟ್ಯಾಂಕೊಳಗಿನ ಪೈಪಿನ ಜಾಲರಿ, ಬೋಟಿಗೇ ಫಿಟ್ ಆಗಿರೋ ಟ್ಯಾಂಕಾದ್ರೆ ಪೈಪ್ ಒಡೆದಾಗ ಪೆಟ್ರೋಲ್ ತಾನಾಗೇ ಹರಿದು ಹೋಗದಂತೆ ಅದರ ಬಾಯಲ್ಲಿರೋ ಆ್ಯಂಟಿ ಸೈಫನ್ ವಾಲ್ವ್. ಅದೇ ಬಲ್ಬ್ ಗಟ್ಟಿಯಾಗೇ ಇದ್ದೂ ಇಂಜಿನ್ ಹಸಿದಿದ್ರೆ ಅಡ್ಡಿ ಮುಂದಿದೆ, ಫಿಲ್ಟರ್, ಕನೆಕ್ಟರ್, ಕಾರ್ಬ್ಯುರೇಟರ್ ಕಡೆ. ಮೆತ್ತಗಿದ್ದು, ನೀವು ಹಿಂಡ್ತಾ ಇರೋವಷ್ಟು ಹೊತ್ತು ಇಂಜಿನ್ ಚೇತರಿಸ್ಕೊಂಡು ಬಿಟ್ಟ ತಕ್ಷಣ ಮತ್ತೆ ಕುಸಿದ್ರೆ ಪಂಪ್ ಸೋತಿದೆ, ಇಲ್ಲಾ ಎಲ್ಲೋ ಗಾಳಿ ಸೇರ್ಕೋತಿದೆ.

ಈ ಗಾಳಿ ಸೇರೋದಿದೆಯಲ್ಲ, ಅದೇ ಮಹಾ ತಲೆನೋವು. ಹೀರೋ ಕಡೆಯ ಪೈಪಲ್ಲಿ ಸಣ್ಣ ಬಿರುಕಿದ್ರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲೇಬೇಕು ಅಂತೇನಿಲ್ಲ, ಗಾಳಿ ಒಳಗೆ ಬರುತ್ತೆ, ತೂತು ಬಿದ್ದ ಸ್ಟ್ರಾದಲ್ಲಿ ಎಷ್ಟು ಹೀರಿದ್ರೂ ಬಾಯಿಗೆ ಬರೀ ಗಾಳಿ ಬರೋ ಹಂಗೆ. ಹೊರಗಡೆ ಒದ್ದೆ ಇಲ್ಲ, ವಾಸನೆ ಇಲ್ಲ, ಪೈಪ್ ನೋಡೋಕೆ ಹೊಸದರ ಹಾಗಿರುತ್ತೆ. ಕನೆಕ್ಟರಿನ ಓ ರಿಂಗ್ (ಸೋರದಂಗೆ ತಡೆಯೋ ರಬ್ಬರ್ ಉಂಗುರ) ಸವೆದಿರೋದು, ಕ್ಲಿಪ್ ಸಡಿಲ ಆಗಿರೋದು ಇವೇ ಹೆಚ್ಚಾಗಿ ಕಾರಣ. ಮೆಕ್ಯಾನಿಕ್‌ಗಳು ಇಂಜಿನ್ ಹತ್ರ ಒಂದು ತುಂಡು ಪಾರದರ್ಶಕ ಪೈಪ್ ಸೇರಿಸಿ ಗುಳ್ಳೆ ಹೋಗ್ತಿದೆಯಾ ನೋಡ್ತಾರೆ, ಪರೀಕ್ಷೆಗೆ ಮಾತ್ರ, ಅದನ್ನೇ ಖಾಯಂ ಬಿಡಬಾರ್ದು. ನಿಮ್ಮ ಹತ್ರ ಅದೆಲ್ಲ ಇಲ್ಲ ಅಂದ್ರೆ ಸುಲಭದ ದಾರಿ ಇದೆ, ಸರಿಯಾಗಿ ಕೆಲಸ ಮಾಡ್ತಿರೋ ಬೇರೆ ಟ್ಯಾಂಕನ್ನ ಅದರದೇ ಪೈಪ್ ಬಲ್ಬ್ ಸಮೇತ, ಹೊಸ ಪೆಟ್ರೋಲ್ ಹಾಕಿ ಜೋಡಿಸಿ ಓಡಿಸಿ. ತೊಂದ್ರೆ ಮಾಯವಾದ್ರೆ ಇಂಜಿನ್ ನಿರಪರಾಧಿ. ಒಂದೇ ಏಟಿಗೆ ಅರ್ಧ ಹುಡುಕಾಟ ಮುಗೀತು.

ತೊಂದ್ರೆ ಹಾಗೇ ಇದ್ರೆ ಉಳಿದ ಅರ್ಧದಲ್ಲಿ, ಅಂದ್ರೆ ಇಂಜಿನ್ ಕಡೆ, ಹೆಚ್ಚಾಗಿ ಸಿಗೋದು ಹಳೇ ಪೆಟ್ರೋಲಿನ ಅಂಟು. ತಿಂಗಳುಗಟ್ಟಲೆ ನಿಂತ ಇಂಜಿನ್ನಿನ ಬೌಲಲ್ಲಿ ಪೆಟ್ರೋಲ್ ಆವಿಯಾಗಿ ಮೇಣದಂಥ ಪದರ ಉಳಿಯುತ್ತೆ, ಕೂದಲೆಳೆಯಷ್ಟು ಸಣ್ಣ ತೂತಿರೋ, ಐಡಲ್‌ಗೆ ಪೆಟ್ರೋಲ್ ಕೊಡೋ ಪೈಲಟ್ ಜೆಟ್ ಮೊದಲು ಮುಚ್ಚುತ್ತೆ. ಆಗ ಲಕ್ಷಣ ಉಲ್ಟಾ, ಜೋರಾಗಿ ಓಡುತ್ತೆ, ಐಡಲಲ್ಲಿ ನಿಲ್ಲಲ್ಲ. ಚೋಕ್ (ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಅಂಶ ಹೆಚ್ಚಿಸೋ ಗುಬ್ಬಿ) ಸ್ವಲ್ಪ ಎಳೆದಾಗ ಸುಧಾರಿಸಿದ್ರೆ ಪೆಟ್ರೋಲ್ ಕಡಿಮೆ ಬರ್ತಿದೆ ಅಂತ ಸುಳಿವು. ಎಥನಾಲ್ ಬೆರೆಸಿದ ಪೆಟ್ರೋಲಾದ್ರೆ ಇನ್ನೊಂದು ಕಾಟ ಇದೆ, ಎಥನಾಲ್ ನೀರನ್ನ ಹಿಡ್ಕೊಳ್ಳುತ್ತೆ, ಒಂದು ಮಿತಿ ದಾಟಿದ್ರೆ (10% ಎಥನಾಲ್ ಇರೋದಕ್ಕೆ ಸುಮಾರು 0.5% ನೀರು ಸಾಕು) ನೀರು ಎಥನಾಲ್ ಎರಡೂ ಸೇರಿ ಬೇರೆ ಪದರವಾಗಿ ತಳಕ್ಕೆ ಕೂರುತ್ತೆ, ಹೀರೋ ಪೈಪಿನ ಬಾಯಿ ಇರೋದೂ ತಳದಲ್ಲೇ! ಆ ಪೆಟ್ರೋಲನ್ನ ಕಲಕಿ ಸರಿಮಾಡೋಕಾಗಲ್ಲ, ಹೊರಗೆ ತೆಗೀಲೇಬೇಕು, ಬಾಯಿಂದ ಮಾತ್ರ ಹೀರ್ಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ನಿಂತು ಒಂದು ಕಿಡಿಗೆ ಕಾಯ್ತಿರುತ್ತೆ, ಆದ್ರಿಂದ ಈ ಕೆಲಸ ಎಲ್ಲ ಬಯಲಲ್ಲೇ.

ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನ ಒತ್ತಡದಲ್ಲಿ ಸಿಂಪಡಿಸೋ ಇಂಜೆಕ್ಷನ್ ಇರೋ ಫೋರ್ ಸ್ಟ್ರೋಕುಗಳಲ್ಲಿ ಬೌಲಿನ ಬದಲು ವೇಪರ್ ಸೆಪರೇಟರ್ ಅನ್ನೋ ಪುಟ್ಟ ಟ್ಯಾಂಕ್, ಅದರೊಳಗೆ ಇಲ್ಲಾ ಅದರ ಮುಂದೆ ಹೈ ಪ್ರೆಶರ್ ಪಂಪ್ ಇರುತ್ತೆ. ಅಲ್ಲೀವರೆಗಿನ ಕಥೆ ಹೆಚ್ಚುಕಮ್ಮಿ ಇದೇ, ಅದರಾಚೆಗೆ ಒತ್ತಡ ಅಳೆಯೋ ಗೇಜ್ ಬೇಕು, ಕೈಗೆ ಸಿಕ್ಕಿದ್ದನ್ನ ಬಿಚ್ಚೋ ಜಾಗ ಅಲ್ಲ.

ಉಪವಾಸ ಇದ್ರೂ ಹಂಗೂ ಹಿಂಗೂ ಓಡುತ್ತಲ್ಲ ಅಂತ ಓಡಿಸ್ಬೇಡಿ, ಅದರಲ್ಲೂ ಆಯಿಲ್ ಬೆರೆಸಿ ಹಾಕೋ ಟೂ ಸ್ಟ್ರೋಕಲ್ಲಿ. 50:1 ಅಂದ್ರೆ ಲೀಟರಿಗೆ 20 ಎಂಎಲ್ ಆಯಿಲ್, ಅದು ಬರೋದೂ ಅದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದ್ರೆ ಸಿಲಿಂಡರ್ ಬಿಸಿ ಏರುತ್ತೆ, ಅದೇ ಹೊತ್ತಿಗೆ ಎಣ್ಣೆಯೂ ಕಡಿಮೆ. ನೂರು ರೂಪಾಯಿ ಓ ರಿಂಗಿನ ಕಥೆ ಅಂತ ಅಸಡ್ಡೆ ಮಾಡಿದ್ದು ಪಿಸ್ಟನ್ ಕಚ್ಕೊಳ್ಳೋವರೆಗೂ ಹೋಗುತ್ತೆ.

ಕೊನೇದಾಗಿ ಇದರ ತದ್ವಿರುದ್ಧ ಪದ ಫ್ಲಡ್ಡಿಂಗ್, ಅಂದ್ರೆ ಅಜೀರ್ಣ. ಬಲ್ಬ್ ಎಷ್ಟು ಹಿಂಡಿದ್ರೂ ಗಟ್ಟಿಯಾಗ್ತಿಲ್ಲ, ಜೊತೆಗೆ ಪೆಟ್ರೋಲ್ ವಾಸನೆ ಗಪ್ಪಂತ ಹೊಡೀತಿದೆ ಅಂದ್ರೆ ಬೌಲ್ ತುಂಬಿದ್ಮೇಲೆ ಪೆಟ್ರೋಲ್ ತಡೆಯೋ ನೀಡಲ್ ವಾಲ್ವ್ ಮುಚ್ಚದೆ ತುಂಬಿ ಹರೀತಿರ್ಬಹುದು. ಪೆಟ್ರೋಲ್ ಬರ್ತಿಲ್ಲ ಅಂದ್ಕೊಂಡು ಇನ್ನೂ ಹಿಂಡಿದ್ರೆ ಪ್ಲಗ್ ಪೂರ್ತಿ ಒದ್ದೆ. ಹಿಂಡೋದು ನಿಲ್ಲಿಸಿ, ಚೋಕ್ ಪೂರ್ತಿ ಆಫ್ ಮಾಡಿ, ಚೆಲ್ಲಿದ್ದು ಒರೆಸಿ ಆವಿ ಹೋಗೋವರೆಗೂ ಸುಮ್ಮನೆ ಕೂತಿರಿ, ಆಮೇಲೆ ಹಗ್ಗ ಎಳೀರಿ.