ಲ್ಯಾಪ್‌ಟಾಪ್‌ಗೆ ಬೋರ್ಡ್ ಯಾಕೆ ಕಾಣಲ್ಲ: ಕಾಮ್ ಪೋರ್ಟಿಂದ ಇಲ್ಲೀವರೆಗೆ

ಮೊನ್ನೆ ದಾವಣಗೆರೆ ವಿದ್ಯಾನಗರದಲ್ಲಿ ಅಕ್ಕನ ಮನೆಗೆ ಹೋದಾಗ ಅವಳ ಮಗ ಇಎಸ್‌ಪಿ32 ಅನ್ನೋ ಪ್ರೋಗ್ರಾಂ ಹಾಕೋ ಸಣ್ಣ ಬೋರ್ಡ್ ಮುಂದಿಟ್ಕೊಂಡು ಮುಖ ಸಣ್ಣ ಮಾಡ್ಕೊಂಡು ಕೂತಿದ್ದ. ಚನ್ನಗಿರಿ ಕಡೆ ಅಜ್ಜನ ಅಡಿಕೆ ತೋಟಕ್ಕೆ ಮಣ್ಣಿನ ತೇವ ಅಳೆಯೋ ಪ್ರಾಜೆಕ್ಟ್. ಬೋರ್ಡಿನ ಕೆಂಪು ದೀಪ ಉರೀತಿದೆ, ಲ್ಯಾಪ್‌ಟಾಪಿನ ಪೋರ್ಟ್ ಲಿಸ್ಟಲ್ಲಿ ಮಾತ್ರ ಏನೂ ಇಲ್ಲ. "ಮಾಮ, ಬೋರ್ಡ್ ಸುಟ್ಟೋಗೈತಿ" ಅಂದ. ಕೇಬಲ್ ಬದಲಾಯಿಸ್ದೆ, ಪೋರ್ಟ್ ಬಂತು. ಮೊದಲಿನದು ಪವರ್‌ಬ್ಯಾಂಕ್ ಜೊತೆ ಬಂದಿದ್ದ ಕೇಬಲ್, ಒಳಗೆ 5 ವೋಲ್ಟ್ ಮತ್ತೆ ಗ್ರೌಂಡ್ ಅಂತ ಎರಡೇ ತಂತಿ, ಡೇಟಾ ಹೋಗೋ ತಂತಿಗಳೇ ಇಲ್ಲ. ದೀಪ ಉರಿಯೋಕೆ ಅಷ್ಟು ಸಾಕು.

ನಾವು ಓದೋವಾಗ ಈ ಗೋಳು ಇರ್ಲಿಲ್ಲ. ಲ್ಯಾಬಲ್ಲಿ 8051 ಚಿಪ್ಪಿನ ಕಿಟ್, ಕಂಪ್ಯೂಟರ್ ಹಿಂದೆ 9 ಪಿನ್ನಿನ ಸೀರಿಯಲ್ ಪೋರ್ಟ್, ಎರಡು ಸ್ಕ್ರೂ ಬಿಗಿ ಮಾಡಿದ್ರೆ ಆಯ್ತು. ಆ ಪೋರ್ಟಿನ ಸಿಗ್ನಲ್ ಪ್ಲಸ್ ಮೈನಸ್ 3ರಿಂದ 15 ವೋಲ್ಟ್, ಚಿಪ್ಪಿಗೆ 0 ಮತ್ತೆ 5 ಅಷ್ಟೇ ತಡ್ಕೊಳ್ಳೋದು, ಅದಕ್ಕೆ ನಡುವೆ ವೋಲ್ಟೇಜ್ ಹೊಂದಿಸೋ ಮ್ಯಾಕ್ಸ್232 ಐಸಿ, ಸುತ್ತ ನಾಲ್ಕು ಕೆಪಾಸಿಟರ್. ಆ ಕಡೆ ಸಿಕ್ಕಿಸಿರೋದು ಏನು ಅಂತ ಕಂಪ್ಯೂಟರ್ ಕೇಳ್ತಾನೇ ಇರ್ಲಿಲ್ಲ, ಪೋರ್ಟಿನ ಹೆಸರು ಕಾಮ್1 ಅಂದ್ರೆ ಯಾವಾಗ್ಲೂ ಕಾಮ್1, ಬಾಡ್ ರೇಟ್, ಅಂದ್ರೆ ಡೇಟಾ ಹೋಗೋ ವೇಗ, ಎರಡೂ ಕಡೆ 9600 ಇದ್ರೆ ಮುಗೀತು.

1996ರಲ್ಲಿ ಬಂದ ಯುಎಸ್‌ಬಿ ಹಂಗಲ್ಲ. ಸಿಕ್ಕಿಸಿದ ಕೂಡ್ಲೇ ನೀನ್ಯಾರು ಅಂತ ಕೇಳುತ್ತೆ, ಸಾಧನ ತನ್ನ ಕಂಪನಿ ನಂಬರ್, ಪ್ರಾಡಕ್ಟ್ ನಂಬರ್ ಹೇಳ್ಬೇಕು, ಆ ನಂಬರಿಗೋ ಆ ಬಗೆಯ ಸಾಧನಕ್ಕೋ ಡ್ರೈವರ್ (ಸಾಧನದ ಜೊತೆ ಮಾತಾಡಿಸೋ ಪ್ರೋಗ್ರಾಂ) ಇದ್ರೆ ಮಾತ್ರ ಮುಂದಿನ ಮಾತು. ಲ್ಯಾಪ್‌ಟಾಪಲ್ಲಿ ಹಳೇ ಪೋರ್ಟ್ ಮಾಯ ಆಯ್ತು, ಆದ್ರೆ ಬೋರ್ಡಿನ ಮೆದುಳಾಗಿರೋ ಸಣ್ಣ ಮೈಕ್ರೋಕಂಟ್ರೋಲರ್ ಚಿಪ್‌ಗಳಿಗೆ ಸೀರಿಯಲ್ ಬಿಟ್ಟು ಬೇರೆ ಭಾಷೆ ಬರ್ತಿರ್ಲಿಲ್ಲ. ಹಂಗಾಗಿ ಬೋರ್ಡಿನ ಮೇಲೇ ಒಬ್ಬ ದುಭಾಷಿ ಚಿಪ್ ಕೂತ್ಕೊಂಡ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಶುರುವಾದ ಆರ್ಡುಯಿನೊ ಬೋರ್ಡುಗಳಲ್ಲಿ ಬಹಳ ವರ್ಷ ಆ ಕೆಲಸ ಎಫ್‌ಟಿಡಿಐ ಕಂಪನಿಯ ಚಿಪ್ಪಿಂದು, 2010ರ ಊನೊ ಬೋರ್ಡಲ್ಲಿ ಅದರ ಜಾಗಕ್ಕೆ ಎಟಿಮೆಗಾ8ಯು2 ಚಿಪ್ ಬಂತು.

ನನಗೆ ಇವತ್ತಿಗೂ ಬೇಜಾರಾಗೋದು 2014ರ ಅಕ್ಟೋಬರ್ ನೆನೆಸ್ಕೊಂಡ್ರೆ. ವಿಂಡೋಸ್ ಅಪ್‌ಡೇಟ್ ಜೊತೆ ಬಂದ ಎಫ್‌ಟಿಡಿಐ ಡ್ರೈವರ್, ನಕಲಿ ಚಿಪ್ ಸಿಕ್ಕಿದ್ರೆ ಅದರ ಪ್ರಾಡಕ್ಟ್ ನಂಬರನ್ನೇ ಸೊನ್ನೆ ಮಾಡ್ಬಿಡ್ತಿತ್ತು, ಆಮೇಲೆ ಆ ಬೋರ್ಡ್ ಬೇರೆ ಕಂಪ್ಯೂಟರಲ್ಲೂ ಗುರುತು ಸಿಕ್ತಿರ್ಲಿಲ್ಲ. ಅಂಗಡೀಲಿ ದುಡ್ಡು ಕೊಟ್ಟು ತಂದ ಹುಡುಗನಿಗೆ ಒಳಗಿನ ಚಿಪ್ ಅಸಲಿಯೋ ನಕಲಿಯೋ ಹೆಂಗ್ ಗೊತ್ತಾಗ್ಬೇಕು? ಗಲಾಟೆ ಆಗಿ ಡ್ರೈವರ್ ವಾಪಸ್ ತಗೊಂಡ್ರು.

ಈಗ ದುಭಾಷಿ ಚಿಪ್ಪಾಗಿ ಅಗ್ಗದ ಬೋರ್ಡಲ್ಲಿ ಸಿಎಚ್340, ಇಎಸ್‌ಪಿ32ರಲ್ಲಿ ಸಿಪಿ2102 ಕೂಡ ಸಿಗುತ್ತೆ. ಉಬುಂಟು 22.04 ಅನ್ನೋ ಲಿನಕ್ಸಲ್ಲಿ ಸಿಎಚ್340 ಬಂದಂಗೆ ಬಂದು ಮಾಯ ಆಗೋದು ಉಂಟು, ಕಾರಣ ಕೇಳಿದ್ರೆ ಆಶ್ಚರ್ಯ ಆಗುತ್ತೆ: ಅಂಧರ ಬ್ರೈಲ್ ಸಾಧನಕ್ಕಿರೋ ಬಿಆರ್‌ಎಲ್‌ಟಿಟಿವೈ ಅನ್ನೋ ಪ್ರೋಗ್ರಾಂ ಅದೇ ನಂಬರ್ ನೋಡಿ ಇದು ನಂದು ಅಂತ ಹಿಡ್ಕೊಳ್ಳುತ್ತೆ. ಇಂಥ ಲಿನಕ್ಸಲ್ಲಿ ಯೂಸರ್‌ನ ಪೋರ್ಟ್ ಬಳಸೋ ಅನುಮತಿ ಇರೋ ಡಯಲ್‌ಔಟ್ ಗ್ರೂಪಿಗೆ ಸೇರಿಸ್ದೇ ಇದ್ರೆ ಪೋರ್ಟ್ ಕಂಡ್ರೂ ತೆರೆಯಲ್ಲ. 2021ರ ರಾಸ್ಪ್‌ಬೆರಿ ಪೈ ಪಿಕೊದಂಥ ಬೋರ್ಡುಗಳಿಗೆ ದುಭಾಷೀನೇ ಬೇಡ, ಬೂಟ್‌ಸೆಲ್ ಬಟನ್ ಒತ್ತಿ ಸಿಕ್ಕಿಸಿದ್ರೆ ಪೆನ್‌ಡ್ರೈವ್ ಥರ ಬರುತ್ತೆ.

ಅಕ್ಕನ ಮಗನಿಗೆ ಪೋರ್ಟ್ ಬಂದ ಮೇಲೂ ಅಪ್‌ಲೋಡ್ "ಕನೆಕ್ಟಿಂಗ್" ಅಂತ ಚುಕ್ಕಿ ಚುಕ್ಕಿ ಹಾಕ್ಕೊಂಡು ನಿಂತಿತ್ತು. ಬೋರ್ಡ್ ಹೊಸ ಪ್ರೋಗ್ರಾಂ ತಗೊಳ್ಳೋಕೆ ತಯಾರಾಗ್ಲಿ ಅಂತ ಅದರ ಬೂಟ್ ಬಟನ್ ಒತ್ತಿ ಹಿಡಿ ಅಂದೆ, ಹಿಡಿದ, ಪರ್ಸೆಂಟ್ ಏರ್ತಾ ಹೋಯ್ತು. ಹಳೇ ಕೇಬಲ್ಲಿಗೆ ಟೇಪ್ ಸುತ್ತಿ "ಚಾರ್ಜಿಂಗ್ ಮಾತ್ರ" ಅಂತ ಪೆನ್ನಲ್ಲಿ ಬರೆದಿಟ್ಟ.