ಬಣ್ಣ ತೆಳುವಾಗಿದೆ ಅಂತ ಬರೋಲೋವನ್ನು ಪಕ್ಕಕ್ಕಿಡಬೇಡಿ

"ಸಾರ್, ಇದು ನೀರು ನೀರಾಗಿದೆಯಲ್ಲ?" ಬರೋಲೋ ಎಂಬ ಇಟಲಿಯ ಕೆಂಪು ವೈನ್ ಸುರಿದ ತಕ್ಷಣ ಯಾರಾದರೂ ಹೀಗೆ ಕೇಳಿಯೇ ಕೇಳುತ್ತಾರೆ. ಇನ್ನೂ ಮೂಸಿಲ್ಲ, ನಾಲಿಗೆಗೆ ತಾಗಿಸಿಲ್ಲ, ಆಗಲೇ ತೀರ್ಪು. ಬೆಂಗಳೂರಿನಲ್ಲಿ ವೈನ್ ರುಚಿ ನೋಡುವುದನ್ನು ಕಲಿಸುವ ನನಗೆ ಇದೊಂದು ಮಾತು ಕೇಳಿದರೆ ನಿಜಕ್ಕೂ ಬೇಜಾರಾಗುತ್ತದೆ.

ತಪ್ಪು ಅವರದ್ದೇ ಅಂತಲೂ ಅಲ್ಲ. ನಂದಿ ಬೆಟ್ಟದ ಆಸುಪಾಸಿನ ಶಿರಾಜ್ ಎಂಬ ಗಾಢ ಬಣ್ಣದ ವೈನ್ ಕುಡಿದು ಅಭ್ಯಾಸವಾದವರಿಗೆ ಕಪ್ಪಗಿದ್ದರೇನೇ ಗಟ್ಟಿ ವೈನ್. ಆದರೆ ಇಟಲಿಯ ಪಿಯೆಮೊಂಟೆಯಲ್ಲಿ ಬರೋಲೋ ಮಾಡುವುದು ನೆಬ್ಬಿಯೋಲೋ ಎಂಬ ಒಂದೇ ದ್ರಾಕ್ಷಿಯಿಂದ. ಅದರ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಇರುವ ಬಣ್ಣವೂ ಬೇಗ ಮಾಸುವಂಥದ್ದು. ಒಗರು ಮಾತ್ರ ಸಿಕ್ಕಾಪಟ್ಟೆ. ಬಣ್ಣ ಕೊಡುವ ಆಂಥೋಸಯನಿನ್ ಬೇರೆ, ಒಗರು ಕೊಡುವ ಟ್ಯಾನಿನ್ ಬೇರೆ. ಒಂದು ಕಡಿಮೆ ಇದ್ದರೆ ಇನ್ನೊಂದೂ ಕಡಿಮೆ ಇರಬೇಕು ಅಂತೇನಿಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತದೇ ಪ್ರಶ್ನೆ! ಮತ್ತೊಮ್ಮೆ ಹೇಳುತ್ತೇನೆ: ಕಣ್ಣಿಗೆ ತೆಳ್ಳಗೆ ಕಂಡಿದ್ದು ಬಾಯಲ್ಲಿ ತೆಳ್ಳಗಿರಬೇಕಿಲ್ಲ.

ಒಮ್ಮೆ ಹಿರಿಯರೊಬ್ಬರು ಗ್ಲಾಸಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು ನೋಡಿ, "ಕೆಟ್ಟುಹೋಗಿದೆ, ಬೇರೆ ಬಾಟಲಿ ತೆಗೀರಿ" ಅಂದರು. ಕಣ್ಣು ಮುಚ್ಚಿಸಿ ಶಿರಾಜ್, ಬರೋಲೋ ಎರಡನ್ನೂ ಕೊಟ್ಟೆ. ಎರಡನೆಯದರ ಗುಟುಕು ನುಂಗಿ, ನಾಲಿಗೆಯಿಂದ ಒಸಡು ಸವರಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಳೆ ಅಡಿಕೆ ಅಗಿದ ಹಾಗೆ ಬಾಯೆಲ್ಲ ಹಿಡ್ಕೊಂಡ್ಬಿಡ್ತು. ಕಪ್ಪಗಿರೋದು ಇದೇ ಅಲ್ವಾ?" ಕಣ್ಣು ಬಿಟ್ಟಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ಅವರೇ ಪಕ್ಕದವರಿಗೆ ಪಾಠ ಹೇಳತೊಡಗಿದರು. ಅಂಥವರೆಂದರೆ ನನಗೆ ತುಂಬಾ ಇಷ್ಟ.

ಒಂದೇ ತೋಟದ ದ್ರಾಕ್ಷಿಯಿಂದ ಮಾಡಿ ಆ ತೋಟದ ಹೆಸರಲ್ಲೇ ಮಾರುವ ಬರೋಲೋ ವಿಷಯದಲ್ಲಿ ಈ ಆತುರ ಇನ್ನೂ ದುಬಾರಿ. ಬುಸ್ಸಿಯಾ ತೋಟದ ಹೆಸರು 1961ರ ಫಸಲಿನಲ್ಲೇ ಲೇಬಲ್ ಮೇಲೆ ಬಂದಿತ್ತು. 2010ರಿಂದ ತೋಟದ ಹೆಸರುಗಳಿಗೆ ಅಧಿಕೃತ ಪಟ್ಟಿಯೂ ಇದೆ. ಆ ಹೆಸರಿಗಾಗಿ ಜಾಸ್ತಿ ದುಡ್ಡು ಕೊಟ್ಟಿರುತ್ತೀರಿ. ತೋಟಗಳ ನಡುವಿನ ವ್ಯತ್ಯಾಸ ಇರುವುದು ಪರಿಮಳದಲ್ಲಿ, ಒಗರಿನ ಗುಣದಲ್ಲಿ. ಬಣ್ಣ ನೋಡಿ ಅದನ್ನು ಹಿಡಿಯಲಾಗದು. ಲಾ ಮೊರ್ರಾ ಊರಿನ ಕಡೆಯ ಬ್ರುನಾತೆ ತೋಟದಲ್ಲಿ ಸಾಮಾನ್ಯವಾಗಿ ಪರಿಮಳ ಮುಂದೆ, ಒಗರು ಮೆದು. ಸೆರ್ರಾಲುಂಗಾ ಊರಿನ ವಿನ್ಯಾ ರಿಯೊಂದಾ ತೋಟದಲ್ಲಿ ಒಗರು ಬಿಗಿ, ಹದಕ್ಕೆ ಬರಲು ವರ್ಷಗಳು ಬೇಕು. ಇದಕ್ಕೆ ಮಣ್ಣೂ ಒಂದು ಕಾರಣ. ಆದರೆ ಎಲ್ಲವನ್ನೂ ಮಣ್ಣಿನ ತಲೆಗೇ ಕಟ್ಟಬೇಡಿ. ಮಾಡುವವರ ಕೈ ಬದಲಾದರೆ, ಆ ವರ್ಷದ ಮಳೆ ಬಿಸಿಲು ಬದಲಾದರೆ ವೈನೂ ಬದಲಾಗುತ್ತದೆ. ಅದಕ್ಕೇ ಸಾಧ್ಯವಾದರೆ ಒಬ್ಬರೇ ಮಾಡಿದ, ಒಂದೇ ವರ್ಷದ ಎರಡು ತೋಟಗಳ ವೈನ್ ಅಕ್ಕಪಕ್ಕ ಇಟ್ಟು ನೋಡಿ.

ಇಟ್ಟಿಗೆ ಬಣ್ಣದ ಅಂಚು ನೋಡಿ ಗಾಬರಿ ಬೇಡ. ನೆಬ್ಬಿಯೋಲೋ ಹಾಗೇ. ಒದ್ದೆ ರಟ್ಟಿನ ವಾಸನೆಯೋ ವಿನೆಗರ್ ಘಾಟೋ ಬಂದರೆ ಮಾತ್ರ ಅನುಮಾನಪಡಿ. ನಮ್ಮ ಬೇಸಿಗೆಯಲ್ಲಿ ಬಾಟಲಿಯನ್ನು ಒಂದಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟು, 16ರಿಂದ 18 ಡಿಗ್ರಿಗೆ ಇಳಿಸಿ ಸುರಿಯಿರಿ. ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಪರಿಮಳ ಮುಚ್ಚಿಹೋಗುತ್ತದೆ. ಮೊದಲು ಮೂಸಿ, ಸಣ್ಣ ಗುಟುಕು ಬಾಯಲ್ಲಿ ಆಡಿಸಿ, ಒಸಡಿನ ಮೇಲೆ ಒಗರು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಗಮನಿಸಿ. ಬಣ್ಣವನ್ನು ಕೊನೆಗೆ ನೋಡಿದರೂ ನಡೆಯುತ್ತದೆ.