ಟೈರ್ ಆಮೇಲೆ, ಮೊದಲು ಬ್ರೇಕ್ ಬಿಚ್ಚಿ

ಹಳೆ ಜೀಪು, ಜಿಪ್ಸಿ ತಗೊಂಡವರು, ಇಲ್ಲವೇ ಅಜ್ಜನ ಕಾಲದ ಗಾಡಿಯನ್ನು ಶೆಡ್ಡಿನಿಂದ ಎಳೆದು ತಂದವರು ನನಗೆ ಮೊದಲು ಕಳಿಸುವುದು ಟೈರಿನ ಫೋಟೋ. ಅದೂ ಇನ್ಯಾರದೋ ಗಾಡಿಗೆ ಹಾಕಿದ ದಪ್ಪ ಬಟನ್ ಟೈರ್. "ಇದು ಕೂರುತ್ತಾ ಸರ್?" ಅಂತ ಕೆಳಗೆ ಒಂದು ಸಾಲು ಇರುತ್ತದೆ. ಕೂರುತ್ತೆ. ಮಡ್‌ಗಾರ್ಡ್ ಒಂಚೂರು ಕೊಯ್ದು, ಸ್ಪ್ರಿಂಗ್ ಪ್ಲೇಟ್ ಎತ್ತರಿಸಿದರೆ ಏನು ಬೇಕಾದರೂ ಕೂರುತ್ತೆ. ಆದರೆ ಆ ಟೈರ್ ಹಾಕಿದ ಮೇಲೆ ಗಾಡಿ ನಿಲ್ಲುತ್ತಾ ಅಂತ ಕೇಳುವವರು ತೀರಾ ಕಮ್ಮಿ. ಮಲೆನಾಡಿನಲ್ಲಿ ಗ್ಯಾರೇಜ್ ಇಟ್ಟುಕೊಂಡು, ಘಾಟಿ ಇಳಿದು ಬಂದ ಗಾಡಿಗಳ ಡ್ರಮ್ ಬಿಚ್ಚಿ ನೋಡುವವನಿಗೆ ಇದು ಸಣ್ಣ ವಿಷಯ ಅಲ್ಲ.

ನನ್ನ ಹತ್ತಿರ ಬರುವುದು ಹೆಚ್ಚಾಗಿ ಮಹೀಂದ್ರಾ ಗಾಡಿಗಳು. ಎತ್ತರದ ಬಾನೆಟ್ಟಿನ ಸಿಜೆ3ಬಿ, ಎಂಎಂ540, ಮೇಜರ್, ಕಮಾಂಡರ್. ಅದರ ಜೊತೆಗೆ ಮಾರುತಿ ಜಿಪ್ಸಿ. ತೋಟದಲ್ಲಿ ಗೊಬ್ಬರ ಹೊತ್ತವು, ಮಿಲಿಟರಿ ಹರಾಜಿನಲ್ಲಿ ಬಂದವು, ಉತ್ತರದ ಕಡೆಯಿಂದ ಲಾರಿ ಹತ್ತಿ ಬಂದವು, ಎಲ್ಲ ಇರುತ್ತವೆ. ಈಚೆಗೆ ಒಂದು ಖುಷಿಯ ಬದಲಾವಣೆ ಏನೆಂದರೆ "ನಾವೇ ಮನೆಯವರು ಸೇರಿ ಮಾಡ್ತೀವಿ, ನೀವು ಹೇಳಿಕೊಡಿ" ಅನ್ನುವವರು ಜಾಸ್ತಿ ಆಗಿದ್ದಾರೆ. ಅಪ್ಪ, ಮಗಳು, ಅಜ್ಜ, ಭಾವ ಎಲ್ಲರೂ ಸೇರುತ್ತಾರೆ. ಅಂಥವರಿಗೆ ನಾನು ಎಷ್ಟು ಹೊತ್ತು ಬೇಕಾದರೂ ಕೊಡುತ್ತೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಟೈರಿನ ಲೆಕ್ಕ ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ. ಜಿಪ್ಸಿಯಲ್ಲಿ ಸಾಮಾನ್ಯವಾಗಿ ಇರುವುದು 205/70 ಆರ್15. ನೆಲದಿಂದ ಮೇಲಿನವರೆಗೆ ಅದರ ಎತ್ತರ ಸುಮಾರು 26.3 ಇಂಚು. ಎಲ್ಲರೂ ಆಸೆಪಡುವುದು 235/75 ಆರ್15. ಅದು ಹೆಚ್ಚುಕಮ್ಮಿ 28.9 ಇಂಚು. ಎರಡೂವರೆ ಇಂಚು ತಾನೇ, ಅದರಲ್ಲೇನು ಅನ್ನಬೇಡಿ. ಟೈರ್ ಹತ್ತನೇ ಒಂದು ಭಾಗ ದೊಡ್ಡದಾಯಿತು. ಇನ್ನು ಮೀಟರಿನಲ್ಲಿ 60 ತೋರಿಸಿದಾಗ ನೀವು ನಿಜವಾಗಿ ಹೋಗುವುದು 66ರಲ್ಲಿ. ಏರಿನಲ್ಲಿ ಎಂಜಿನ್ ಎಳೆಯುವುದಿಲ್ಲ ಅಂತ ಆಮೇಲೆ ನನ್ನನ್ನೇ ಕೇಳುತ್ತೀರಿ. ಎಂಜಿನ್ ಅದೇ, ಗೇರೂ ಅದೇ, ಚಕ್ರ ಮಾತ್ರ ದೊಡ್ಡದು, ಅದು ಎಲ್ಲಿಂದ ಎಳೆಯಬೇಕು?

ಎಳೆಯದಿದ್ದರೆ ಹೋಗಲಿ, ನಿಧಾನಕ್ಕೆ ಹತ್ತೋಣ. ನಿಲ್ಲುವ ವಿಷಯ ಹಾಗಲ್ಲ. ಬ್ರೇಕ್ ಹಿಡಿಯುವುದು ಟೈರನ್ನಲ್ಲ, ಒಳಗಿನ ಡ್ರಮ್ಮನ್ನು ಅಥವಾ ಡಿಸ್ಕನ್ನು. ಬಿಗಿಯಾದ ಬೋಲ್ಟ್ ಬಿಚ್ಚುವಾಗ ನಮ್ಮ ಹುಡುಗರು ಸ್ಪಾನರಿಗೆ ಪೈಪ್ ತೊಡಿಸುತ್ತಾರೆ ನೋಡಿ. ಹಿಡಿ ಉದ್ದ ಆದಷ್ಟೂ ಕಮ್ಮಿ ಬಲದಲ್ಲಿ ಬೋಲ್ಟ್ ತಿರುಗುತ್ತೆ. ದೊಡ್ಡ ಟೈರ್ ಹಾಕಿದರೆ ಆ ಪೈಪನ್ನು ನೀವು ರಸ್ತೆಯ ಕೈಗೆ ಕೊಟ್ಟ ಹಾಗೆ. ಬ್ರೇಕ್ ಹಿಡಿದಿರುವ ಚಕ್ರವನ್ನು ತಿರುಗಿಸುವುದು ರಸ್ತೆಗೆ ಅಷ್ಟು ಸುಲಭ ಆಯಿತು. ನೀವು ಮೊದಲಿನಷ್ಟೇ ಒತ್ತಿದರೆ ಗಾಡಿ ಮೊದಲಿಗಿಂತ ಸುಮಾರು ಹತ್ತನೇ ಒಂದು ಭಾಗ ಕಮ್ಮಿ ತಡೆಯುತ್ತದೆ. ಟೈರಿನ ತೂಕ ಬೇರೆ ಜಾಸ್ತಿ. ಸೆಕೆಂಡ್ ಗೇರಿನಲ್ಲಿ ಇಳಿಯುವಾಗ ಎಂಜಿನ್ ಕೊಡುವ ತಡೆಯೂ ಅಷ್ಟೇ ಕಮ್ಮಿ ಆಗುತ್ತದೆ. ಅದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಮೀಟರ್ ಬೇರೆ ಸುಳ್ಳು ಹೇಳುತ್ತಿದೆ. ಇವೆಲ್ಲ ಒಂದೇ ದಿಕ್ಕಿಗೆ ಸೇರುತ್ತವೆ. ಇದು ಕಾಗದದ ಲೆಕ್ಕ ಅಷ್ಟೇ, ಲೋಡು, ಮಳೆ, ಇಳಿಜಾರು ಸೇರಿದರೆ ರಸ್ತೆಯಲ್ಲಿ ಎಷ್ಟಾಗುತ್ತೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಒಳ್ಳೆಯದಾಗುವುದಂತೂ ಇಲ್ಲ.

"ಬೂಸ್ಟರ್ ಇದೆಯಲ್ಲ ಸರ್" ಅನ್ನುತ್ತಾರೆ. ಬೂಸ್ಟರ್ ನಿಮ್ಮ ಕಾಲಿನ ಶ್ರಮ ಕಮ್ಮಿ ಮಾಡುತ್ತೆ. ಡ್ರಮ್ಮಿಗೆ ಒತ್ತಿ ಉಜ್ಜುವ ಲೈನರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದು ಅದರಿಂದ ಬದಲಾಗಲ್ಲ. "ಹೊಸ ಟೈರಿಗೆ ಗ್ರಿಪ್ ಜಾಸ್ತಿ ಅಲ್ವಾ?" ಅಂತಲೂ ಕೇಳುತ್ತಾರೆ. ಕೆಸರಲ್ಲಿ ಜಾಸ್ತಿ. ಒದ್ದೆ ಟಾರಿನ ಮೇಲೆ ಆ ದೊಡ್ಡ ಬಟನ್ ಟೈರಿನ ಹಿಡಿತ ಸಾಮಾನ್ಯವಾಗಿ ರಸ್ತೆಯ ಟೈರಿಗಿಂತ ಕಮ್ಮಿಯೇ. ನೀವು ಕೆಸರಲ್ಲಿ ಓಡಿಸುವುದೆಷ್ಟು, ಟಾರಿನಲ್ಲಿ ಓಡಿಸುವುದೆಷ್ಟು, ಪ್ರಾಮಾಣಿಕವಾಗಿ ಯೋಚಿಸಿ.

ಕಳೆದ ಮಳೆಗಾಲದಲ್ಲಿ ಒಂದು ಕುಟುಂಬ ಹೀಗೇ ತಯಾರಾದ ಗಾಡಿಯಲ್ಲಿ ಚಾರ್ಮಾಡಿ ಇಳಿಯಿತು. ಬಣ್ಣ ಹೊಸದು, ಟೈರ್ ಹೊಸದು, ಮುಂದೆ ಹೂತ ಗಾಡಿ ಎಳೆಯುವ ವಿಂಚ್, ಮೇಲೆ ಸಾಲು ಲೈಟು. ಕೊಟ್ಟಿಗೆಹಾರ ದಾಟಿ ತಿರುವುಗಳು ಶುರುವಾದ ಮೇಲೆ ಸುಟ್ಟ ವಾಸನೆ ಬಂತಂತೆ. ಆಮೇಲೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಯಿತು. ಗಾಡಿ ಓಡಿಸುತ್ತಿದ್ದವರು ಬುದ್ಧಿವಂತರು, ಫಸ್ಟ್ ಗೇರಿಗೆ ಹಾಕಿ ಗುಡ್ಡದ ಕಡೆಯ ಚರಂಡಿಗೆ ಇಳಿಸಿದರು. ಹಿಂದೆ ಇಬ್ಬರು ಮಕ್ಕಳಿದ್ದರು. ಗಾಡಿ ನನ್ನ ಹತ್ತಿರ ಬಂದಾಗ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬೇರೆ ಕಡೆ ಅಷ್ಟು ದುಡ್ಡು ಸುರಿದು ಮಾಡಿಸಿದ ಕೆಲಸದಲ್ಲಿ ಯಾರೂ ಅದನ್ನು ಬದಲಾಯಿಸಿಯೇ ಇರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿವರೆಗೂ ಕುದಿಯಬಾರದು ಅನ್ನುವುದು ಅದರ ಮಾನದಂಡ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಸೇರಿದರೆ 155. ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿಕೊಂಡು ಇಳಿದರೆ ಹಳೇ ಆಯಿಲ್ ಪೈಪಿನೊಳಗೇ ಕುದಿಯಬಹುದು. ಆಗ ಒಳಗೆ ಆವಿ ತುಂಬುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೇ, ಬ್ರೇಕ್ ಹಿಡಿಯಲ್ಲ. ಒಂದು ಬಾಟಲಿ ಆಯಿಲ್ ಬೆಲೆ, ಆ ವಿಂಚಿನ ಬೆಲೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಾಗಾಗಿ ಮನೆಯವರು ಸೇರಿ ಕೆಲಸ ಮಾಡುವುದಾದರೆ ಬ್ರೇಕಿನಿಂದಲೇ ಶುರು ಮಾಡಿ ಅನ್ನುತ್ತೇನೆ. ಒಂದೇ ಎಚ್ಚರಿಕೆ, ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲಿರಲಿ, ಕೊನೆಗೆ ಅವರೇ ಒಮ್ಮೆ ಪೂರ್ತಿ ನೋಡಲಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಯಾರೂ ಹೋಗಬಾರದು. ಸಿಮೆಂಟ್ ಬ್ಲಾಕೂ ಬೇಡ, ಅದು ಹೇಳದೇ ಕೇಳದೇ ಒಡೆಯುತ್ತದೆ. ಜಾಕ್ ಸ್ಟ್ಯಾಂಡೇ ಬೇಕು. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಗೆ ಗಾಳಿ ಹೊಡೆಯಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಎಸೆದುಬಿಡಿ. ಮಕ್ಕಳು ಆ ಹೊತ್ತಿಗೆ ದೂರ ಇರಲಿ.

ಮೂಡಿಗೆರೆ ಕಡೆಯ ತೋಟದ ಮನೆಯೊಂದರ ಎಂಎಂ540 ಕೆಲಸ ನನಗೆ ತುಂಬಾ ಇಷ್ಟವಾಗಿತ್ತು. 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಗಾಡಿ, ಅಜ್ಜ ಕೊಂಡಿದ್ದು. ಅಪ್ಪನಿಗೆ ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಮಗಳು ಪಿಯುಸಿ. ರಜೆ ಬಂದಾಗೆಲ್ಲ ಮೂವರೂ ಶೆಡ್ಡಿನಲ್ಲಿ. ಆ ಹುಡುಗಿ ಬಿಚ್ಚಿದ ಪ್ರತಿ ಬೋಲ್ಟನ್ನೂ ಹಾಲಿನ ಪ್ಯಾಕೆಟ್ ಕವರಿನಲ್ಲಿ ಹಾಕಿ, ಎಲ್ಲಿಂದ ತೆಗೆದದ್ದು ಅಂತ ಚೀಟಿ ಬರೆದು ಇಡುತ್ತಿದ್ದಳು. ನಮ್ಮ ಗ್ಯಾರೇಜಿನ ಹುಡುಗರಿಗೆ ಅದನ್ನು ತೋರಿಸಿದ್ದೇನೆ. ಆ ಮನೆಯವರು ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವುದನ್ನು ನೋಡಬೇಕಿತ್ತು. ಅದು ಒಬ್ಬರೇ ಮಾಡುವ ಕೆಲಸವೇ ಅಲ್ಲ. ಅಜ್ಜ ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಅಪ್ಪ ಕೆಳಗೆ ಚಕ್ರದ ಹತ್ತಿರ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು, ಮಗಳು ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗದ ಹಾಗೆ ತುಂಬುತ್ತಿರಬೇಕು. ಮಾಸ್ಟರಿಗೆ ದೂರದ ಚಕ್ರದಿಂದ ಶುರು, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡ ಚಕ್ರ. ಒತ್ತಿ, ಹಿಡ್ಕೊಳ್ಳಿ, ಬಿಡಿ ಅಂತ ಕೂಗು. ನಿಪ್ಪಲ್ ಬಿಗಿಯುವ ಮೊದಲೇ ಅಜ್ಜ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. "ಅಜ್ಜಾ, ಬಿಡಬೇಡಿ ಅಂದ್ನಲ್ಲ!" ಅಂತ ಮಗಳು ಗದರಿಸುವುದು, "ಆಯ್ತು ಮಾರಾಯ್ತಿ, ಒತ್ತಿಕೊಂಡೇ ಇದ್ದೀನಿ" ಅಂತ ಅಜ್ಜ. ಕೊನೆಗೆ ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಂತಾಗ ಆ ಮೂವರ ಮುಖ ನೋಡಿ ನನಗೇ ಹೆಮ್ಮೆ ಆಯಿತು.

ಆ ಅಜ್ಜನ ಹತ್ತಿರ ಇನ್ನೊಂದು ಪಾಠವೂ ಇತ್ತು. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಹೋಗಬೇಕು, ಲೈನರ್ ಒಣಗಬೇಕು ಅಂತ ಮೊಮ್ಮಗಳಿಗೆ ಹೇಳಿಕೊಟ್ಟರು. ಡ್ರಮ್ ಬ್ರೇಕಿಗೆ ಇದು ನೂರಕ್ಕೆ ನೂರು ಸತ್ಯ. ಹಳಬರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನು ಶೆಡ್ಡಿಗೆ ಕರೆದು ಕೂರಿಸಿ.

ಬಿಚ್ಚಿದ ಮೇಲೆ ಏನು ನೋಡಬೇಕು? ಡ್ರಮ್ಮಿನೊಳಗೆ ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದ್ದರೆ ರಬ್ಬರ್ ಕಿಟ್ ಹಾಕಿ ಸಾಗಹಾಕಬೇಡಿ. ಒಳಗೆ ತುಕ್ಕಿನ ಗುಂಡಿ ಇದ್ದರೆ ಸಿಲಿಂಡರೇ ಹೊಸದು ಹಾಕಿ. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಸರ್ಕ್ಯೂಟ್, ಅಂದರೆ ಆಯಿಲ್ ಹೋಗುವ ದಾರಿ ಒಂದೇ. ಎಲ್ಲಿ ಪೈಪ್ ತೂತಾದರೂ ನಾಲ್ಕೂ ಹೋಯಿತು. ಸಿಜೆ3ಬಿಯಲ್ಲಂತೂ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಮುರಿದರೆ ಅದೂ ಕೈಕೊಡುತ್ತದೆ. ಅಂಥ ಗಾಡಿಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಹಾಕಿಸುವುದು ನನ್ನ ಲೆಕ್ಕದಲ್ಲಿ ಮೊದಲ ಅಪ್‌ಗ್ರೇಡ್. ಮುಂದಕ್ಕೆ ಡಿಸ್ಕ್ ಹಾಕಿಸುವುದೂ ಒಳ್ಳೆಯದೇ, ಆದರೆ ಡ್ರಮ್ಮಿನ ಹಳೇ ಮಾಸ್ಟರ್ ಉಳಿಸಿಕೊಂಡು ಬರೀ ಡಿಸ್ಕ್ ಕೂರಿಸಬೇಡಿ. ಡ್ರಮ್ಮಿಗೆ ಮಾಡಿದ ಮಾಸ್ಟರ್ ಪೈಪಿನಲ್ಲಿ ಸ್ವಲ್ಪ ಒತ್ತಡ ಯಾವಾಗಲೂ ಉಳಿಸಿಕೊಳ್ಳುತ್ತದೆ. ಕಾಲು ತೆಗೆದರೂ ಡಿಸ್ಕ್ ಉಜ್ಜುತ್ತಲೇ ಇರುತ್ತದೆ, ಬಿಸಿಯಾಗುತ್ತದೆ. ಎತ್ತರಿಸಿದ ಗಾಡಿಯಾದರೆ ರಬ್ಬರ್ ಹೋಸ್ ನೋಡಿ. ಚಕ್ರ ಪೂರ್ತಿ ಕೆಳಗೆ ಜೋತಾಗ ಹೋಸ್ ಬಿಗಿಯಾಗಿ ಎಳೆದುಕೊಂಡರೆ ಅದು ಇವತ್ತಲ್ಲ ನಾಳೆ ಕಿತ್ತುಬರುತ್ತದೆ.

ಬ್ರೇಕ್ ಆದ ಮೇಲೆ ಸ್ಟೇರಿಂಗ್. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡ ಬಲ ಹಿಡಿದೂ ಅಲ್ಲಾಡಿಸಿ. ಕಿಂಗ್‌ಪಿನ್, ವೀಲ್ ಬೇರಿಂಗ್, ಟೈ ರಾಡ್ ಎಂಡ್ ಯಾವುದರಲ್ಲಿ ಆಟ, ಅಂದರೆ ಸಡಿಲು, ಇದ್ದರೂ ದೊಡ್ಡ ಟೈರ್ ಅದನ್ನು ಬೇಗ ದೊಡ್ಡದು ಮಾಡುತ್ತದೆ. ಆಮೇಲೆ ಚಾಸಿ. ತೋಟದ ಗಾಡಿಗಳ ಚಾಸಿ ಹೊರಗಿಂದ ಗಟ್ಟಿ ಕಂಡರೂ ಒಳಗೆ ಕೆಮ್ಮಣ್ಣು ತುಂಬಿಕೊಂಡು ಕೊಳೆತಿರುತ್ತದೆ. ಯೂರಿಯಾ, ಪೊಟ್ಯಾಷ್ ಹೊತ್ತ ಗಾಡಿಯಾದರೆ ಇನ್ನೂ ಬೇಗ. ಹಿಂದಿನ ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ಹಿಡಿದಿರುವ ಹ್ಯಾಂಗರ್ ಹತ್ತಿರ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಸದ್ದು ಮಂಕಾದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಬಣ್ಣ, ಸೀಟು, ಲೈಟು ಇವಕ್ಕೆ ನನ್ನ ಸಲಹೆ ಬೇಡ, ಅದು ನಿಮ್ಮ ಮನೆಯವರ ಇಷ್ಟ.

ಕಾಗದದ ವಿಷಯ ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾದ ಬದಲಾವಣೆ ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಓ ಅನುಮತಿ, ಆಮೇಲೆ ಕೆಲಸ. ನಾನು ಮೇಲೆ ಹೇಳಿದ ಮಾಸ್ಟರ್, ಡಿಸ್ಕ್ ವಿಷಯದಲ್ಲೂ ಕೈ ಹಾಕುವ ಮೊದಲು ಅಲ್ಲಿ ಕೇಳಿಯೇ ಮುಂದುವರಿಯಿರಿ. ಖಾಸಗಿ ಗಾಡಿಗೆ 15 ವರ್ಷ ದಾಟಿದರೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಬೇಕು, ಆಗ ಗಾಡಿ ತಪಾಸಣೆಗೆ ಹೋಗಲೇಬೇಕು. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬೇಕೆಂದರೆ ಅದು ಮೂಲ ರೂಪದಲ್ಲೇ ಇರಬೇಕು. ಹಳೇ ಸಿಜೆ ಇರುವವರು ಕೊಯ್ಯುವ ಮೊದಲು ಇದನ್ನು ಯೋಚಿಸಿ. ಹೊರ ರಾಜ್ಯದ ಗಾಡಿಯಾದರೆ ಚಾಸಿ ನಂಬರ್ ನೀವೇ ಉಜ್ಜಿ ನೋಡಿ, ಆರ್‌ಸಿ ಜೊತೆ ತಾಳೆ ಹಾಕಿ, ಆಮೇಲೆ ಮುಂಗಡ ಕೊಡಿ.

ಎಲ್ಲ ಜೋಡಿಸಿದ ಮೇಲೆ ನೇರ ಘಾಟಿಗೆ ಹೋಗಬೇಡಿ. ಯಾರೂ ಇಲ್ಲದ ಮೈದಾನಕ್ಕೆ ಒಯ್ದು, 20ರ ವೇಗದಲ್ಲಿ ನಿಲ್ಲಿಸಿ ನೋಡಿ, ಆಮೇಲೆ 30ರಲ್ಲಿ. ಯಾವ ಕಡೆಗೆ ಎಳೆಯುತ್ತದೆ ಅಂತ ಒಬ್ಬರು ಹೊರಗೆ ನಿಂತು ಗಮನಿಸಲಿ. ಹತ್ತಾರು ಸಲ ನಿಲ್ಲಿಸಿದ ಮೇಲೆ ಇಳಿದು ಪ್ರತಿ ಡ್ರಮ್ಮಿನ ಹತ್ತಿರ ಅಂಗೈ ತನ್ನಿ. ಮುಟ್ಟಬೇಡಿ, ಸುಡುತ್ತದೆ. ಮುಂದಿನವೆರಡು ಹಿಂದಿನವಕ್ಕಿಂತ ಜಾಸ್ತಿ ಬಿಸಿ ಇರುವುದು ಸಹಜ. ಎಡ ಬಲ ಮಾತ್ರ ಸರಿಸಮ ಇರಬೇಕು. ಒಂದು ತಣ್ಣಗಿದ್ದರೆ ಆ ಚಕ್ರ ಹಿಡಿಯುತ್ತಿಲ್ಲ, ಮತ್ತೆ ಬಿಚ್ಚಿ.